ಚಕ್ರ ಇರಬೇಕಾದ ಜಾಗ

"ನಿಲ್ಸಿ! ಆ ಚಕ್ರ ಹಾಕ್ಬೇಡಿ!"

ಸಾರ್ಜೆಂಟ್ ರೋನಾ ಪೆಟಿಗ್ರೂ ಕೂಗಿದ ರಭಸಕ್ಕೆ ಶೆಡ್ಡಿನ ತಗಡಿನ ಮೇಲೆ ಕೂತಿದ್ದ ಗಲಾ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು ಹಾರಿದವು. ಒಳಗೆ ಯೂಟ್ ಎಂದು ಕರೆಯುವ ಪಿಕಪ್ ಗಾಡಿಯ ಮುಂದಿನ ಚಕ್ರವನ್ನು ಎತ್ತಿ ಹಿಡಿದಿದ್ದ ಇಬ್ಬರು ಮುದುಕರು, ಮದುವೆ ಮನೆಯಲ್ಲಿ ಕದ್ದ ಲಾಡು ಕೈಯಲ್ಲಿರುವಾಗ ಸಿಕ್ಕಿಬಿದ್ದವರಂತೆ ಮುಖ ಮುಖ ನೋಡಿಕೊಂಡರು.

"ಏನ್ ಸಾರ್ಜೆಂಟ್, ಚಕ್ರ ಹಾಕೋಕೂ ಈಗ ಲೈಸೆನ್ಸ್ ಬೇಕಾ?" ಎಂದ ಒಬ್ಬ.

"ಕೆಳಗಿಡಿ. ಒಳಗಿನ ಮೈ ಮೇಲೆ ಬರೋ ಹಾಗೆ ಇಡಿ."

ಹೋದ ಶನಿವಾರ ಇದೇ ಶೆಡ್ಡಿನಲ್ಲಿ, ಇದೇ ಐವತ್ತೊಂದನೇ ಇಸವಿಯ ಷೆವ್ರೊಲೆ ಯೂಟಿನ ಅಡಿಯಲ್ಲಿ ಸಿಕ್ಕಿ ಕ್ಲೆಮ್ ಹಾರಿಗನ್ ಸತ್ತಿದ್ದ. ಗಾಡಿ ಎತ್ತಿ ನಿಲ್ಲಿಸುವ ಜಾಕ್ ಕುಸಿದು ಆದ ಅಪಘಾತ ಎಂದು ಜಿಲ್ಲಾ ಕಚೇರಿಯವರು ಎರಡೇ ದಿನದಲ್ಲಿ ಸಹಿ ಹಾಕಿ ಶೆಡ್ಡಿನ ಬೀಗ ತೆಗೆದುಕೊಟ್ಟಿದ್ದರು. ನಾಳೆ ಅವನ ಶವಪೆಟ್ಟಿಗೆ ಸ್ಮಶಾನಕ್ಕೆ ಹೋಗುವುದು ಈ ಯೂಟಿನ ಹಿಂದಿನ ತೆರೆದ ಪೆಟ್ಟಿಗೆಯಲ್ಲೇ ಎಂದು ಮಗಳು ಬ್ರೈಡಿ ಪಟ್ಟು ಹಿಡಿದಿದ್ದಳು.

ವಾರಿಂಡಾ ಊರಿನಲ್ಲಿ ಇದಕ್ಕೆ ಯಾರೂ ಆಶ್ಚರ್ಯಪಡುವುದಿಲ್ಲ. ಅರ್ಧ ಕಟ್ಟಿದ ಗಾಡಿಯನ್ನು ಬಿಟ್ಟು ಸತ್ತವನ ಕೆಲಸವನ್ನು ಗೆಳೆಯರು ಮುಗಿಸಿ ಕೊಡಬೇಕು. ಅದಕ್ಕೇ ಬೆಳಿಗ್ಗೆಯಿಂದ ಪಕ್ಕದ ಬೀದಿಗಳ ಗಂಡಸರೆಲ್ಲ ಸ್ಪ್ಯಾನರ್ ಹಿಡಿದು ಬಂದಿದ್ದರು. ಒಬ್ಬ ಬಾಗಿಲಿಗೆ ಹಿಡಿ ಹಾಕುತ್ತಿದ್ದ, ಒಬ್ಬ ದೀಪ ಕೂರಿಸುತ್ತಿದ್ದ, ಇನ್ನೊಬ್ಬ ನೆಲ ತೊಳೆದು ಕಾಂಕ್ರೀಟಿನ ಬಣ್ಣವನ್ನೇ ಬದಲಾಯಿಸಿದ್ದ. ಅವರು ಪ್ರೀತಿಯಿಂದ ಬಿಗಿಮಾಡುತ್ತಿದ್ದ ಒಂದೊಂದು ಬೋಲ್ಟಿನ ಜೊತೆ ಒಂದೊಂದು ಗುರುತು ಮಾಯವಾಗುತ್ತಿತ್ತು. ಸಾಕ್ಷಿ ಅಳಿಸಲೆಂದೇ ಕೂಲಿಯಾಳುಗಳನ್ನು ಇಟ್ಟಿದ್ದರೂ ಇಷ್ಟು ಚೊಕ್ಕವಾಗಿ ಆಗುತ್ತಿರಲಿಲ್ಲ.

ಅವಳು ಚಕ್ರದ ಪಕ್ಕ ಮಂಡಿಯೂರಿದಳು.

ಕ್ಲೆಮ್ ಕೈಯಾರೆ ಬಳಿದಿದ್ದ ಕೆನೆಬಣ್ಣ ಹೊರಮೈಯಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಮೈಯಲ್ಲಿ ರಿಮ್ಮಿನ ಅಂಚು ಒಂದು ಕಡೆ ಬೆರಳಗಲ ಒಳಕ್ಕೆ ಬಾಗಿತ್ತು. ಬಾಗಿದ ಕಡೆ ಬಣ್ಣ ಸಿಡಿದು ಹೋಗಿ, ಆ ಗಾಯಕ್ಕೆ ಡಾಂಬರಿನ ಕಪ್ಪು ಮೆತ್ತಿಕೊಂಡಿತ್ತು.

"ಬ್ರೈಡಿ, ನಿಮ್ಮಪ್ಪ ಬಾಗಿರೋ ರಿಮ್ಮಿಗೆ ಬಣ್ಣ ಹೊಡೀತಿದ್ರಾ?"

ಬ್ರೈಡಿ ಕಣ್ಣು ಊದಿಕೊಂಡಿದ್ದರೂ ನಗು ತಡೆಯಲಾಗಲಿಲ್ಲ. "ಅಪ್ಪನಾ? ಬಾಗಿರೋ ಫೋರ್ಕಲ್ಲಿ ಊಟ ಮಾಡಲ್ಲ ಅಂತ ಹೋಟೆಲಲ್ಲಿ ಜಗಳ ಆಡಿದ ಮನುಷ್ಯ."

"ಹಾಗಾದ್ರೆ ಇದು ಬಣ್ಣ ಹೊಡೆದ ಮೇಲೆ ಬಾಗಿರೋದು."

ಗಾಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಅಡಿಯಿಂದ ಬರುತ್ತಿದ್ದ ಬ್ರಷ್ಷಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅಲ್ಲಿ ಬೆನ್ನ ಮೇಲೆ ಮಲಗಿ ಕಪ್ಪು ಬಣ್ಣ ಬಳಿಯುತ್ತಿದ್ದವನು ಸ್ಕೋಬಿ. ಕ್ಲೆಮ್‌ನ ಐವತ್ತು ವರ್ಷದ ಗೆಳೆಯ, ಶನಿವಾರ ಹೆಣವನ್ನು ಮೊದಲು ನೋಡಿದವನು ಕೂಡ ಅವನೇ.

"ಎಲ್ಲರೂ ಹೋಗಿ ಟೀ ಕುಡೀರಿ. ಸಾಸೇಜ್ ಬೇಯಿಸಿಟ್ಟಿದ್ದಾರೆ ಹೊರಗೆ," ಎಂದಳು ರೋನಾ. "ನಾನು ಕರೆಯೋವರೆಗೂ ಯಾರೂ ಒಳಗೆ ಬರಬೇಡಿ."

"ಆರ್ಡರ್ ಆಯ್ತಪ್ಪ," ಎಂದು ಗೊಣಗಿಕೊಂಡು ಮುದುಕರು ಹೊರಬಿದ್ದರು. ಸಾಸೇಜಿನ ವಾಸನೆ ಮೂಗಿಗೆ ಬಡಿದಿದ್ದರಿಂದ ಗೊಣಗಾಟ ಬಾಗಿಲು ದಾಟುವಷ್ಟರಲ್ಲೇ ಮುಗಿಯಿತು.

ಅವಳ ಫೋನ್ ರಿಂಗಾಯಿತು. ಗಂಡ ಗಾರ್ತ್.

"ಎಲ್ಲಿದ್ದೀಯೆ? ನಾಳೆ ಮಣ್ಣಾದ ಮೇಲಿನ ಊಟಕ್ಕೆ ಹಾಲ್ ಬುಕ್ ಮಾಡ್ದೆ. ಪಾದ್ರಿ ಹತ್ರಾನೂ ಮಾತಾಡ್ದೆ. ಇವತ್ತು ಪುರಸೊತ್ತಾಗಿದ್ದೀನಿ, ನಿಮ್ಮಪ್ಪನ ಹಳೆ ಸಾಮಾನೆಲ್ಲ ಕಸದ ಗುಂಡಿಗೆ ಹಾಕಿ ಬರ್ತೀನಿ. ಗ್ಯಾರೇಜ್ ತುಂಬ ಅದೇ ಆಗಿದೆ."

"ಈಗ್ಲೇ ಯಾಕೆ?"

"ನೀನೇ ಅಲ್ವಾ ಎರಡು ವರ್ಷದಿಂದ ಹೇಳ್ತಿರೋದು? ಮಾಡಿದ್ರೂ ತಪ್ಪು, ಮಾಡದಿದ್ರೂ ತಪ್ಪು."

ಗಾರ್ತ್ ಊರಿಗೆಲ್ಲ ಬೇಕಾದವನು. ಕುರಿ ಹರಾಜು ಕೂಗುವವನೂ ಅವನೇ, ಕ್ಲಬ್ಬಿನ ಅಧ್ಯಕ್ಷನೂ ಅವನೇ. ಮನೆಯ ಬಲ್ಬು ಬದಲಾಯಿಸಲು ಮಾತ್ರ ರೋನಾಳೇ ಏಣಿ ಹತ್ತಬೇಕು. ಅಂಥವನಿಗೆ ಗ್ಯಾರೇಜ್ ಗುಡಿಸುವ ಉತ್ಸಾಹ ಬಂದಿದ್ದು ಒಳ್ಳೆಯದೇ ಆಯಿತು ಎಂದುಕೊಂಡು ಅವಳು ಫೋನ್ ಕಿಸೆಗೆ ಹಾಕಿದಳು.

ಶೆಡ್ಡಿನ ಹಿಂಬಾಗಿಲಿನಿಂದ ನೋಡಿದಾಗ ಬೇಲಿಯಾಚೆ ಒಬ್ಬ ನಿಂತಿದ್ದ. ಟೋಪಿ ಕೈಯಲ್ಲಿ, ಬಿಸಿಲು ತಲೆಯ ಮೇಲೆ. ಡೆನಿ ವೋಕ್.

ಶನಿವಾರ ಕುಸಿದ ಜಾಕ್ ಇವನದು. ಕ್ಲೆಮ್ ಎರವಲು ಕೇಳಿದ, ಇವನು ಕೊಟ್ಟ. ಅಷ್ಟೇ ಅವನ ಪಾಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ ಊರು ಅವನಿಗೆ ಬರೆ ಎಳೆದಿತ್ತು. ಅಂಗಡಿಯಲ್ಲಿ ಅವನು ನಿಂತ ಸಾಲಿನಲ್ಲಿ ಹಿಂದೆ ಯಾರೂ ನಿಲ್ಲುತ್ತಿರಲಿಲ್ಲ. ಇಂದಿನ ಕೆಲಸಕ್ಕೂ ಅವನೊಬ್ಬನನ್ನು ಬಿಟ್ಟು ಎಲ್ಲರನ್ನೂ ಕರೆದಿದ್ದರು.

ರೋನಾ ಬೇಲಿಯ ಹತ್ತಿರ ಹೋದಳು.

"ಒಳಗೆ ಬಾ ಡೆನಿ."

"ಬೇಡ ರೋನಾ. ನಾನು ಬಂದ್ರೆ ಅವರು ಎದ್ದು ಹೋಗ್ತಾರೆ. ಕೆಲಸ ನಿಂತುಬಿಡುತ್ತೆ." ಅವನು ಟೋಪಿಯ ಅಂಚನ್ನು ತಿರುಗಿಸುತ್ತಲೇ ಇದ್ದ. "ಮನೆ ಮಾರಿ ಹೋಗ್ಬಿಡೋಣ ಅಂತಿದ್ದಾಳೆ ನನ್ನ ಹೆಂಡ್ತಿ. ನಾಳೆ ಮಣ್ಣಿಗೂ ಬರಬೇಡ ಅಂತ ಯಾರೋ ಬಾಗಿಲಿಗೆ ಚೀಟಿ ಸಿಕ್ಕಿಸಿ ಹೋಗಿದ್ರು."

ರೋನಾಳಿಗೆ ಮೈ ಉರಿಯಿತು. "ನಾನು ನಿಂಗೆ ಮಾತು ಕೊಟ್ಟಿದ್ದೀನಿ ತಾನೆ? ಕ್ಲೆಮ್ ಮಣ್ಣಿಗೆ ಹೋಗೋ ಮೊದಲು ನಿಜ ಹೇಳ್ತೀನಿ ಅಂತ. ಈಗ ಒಂದು ಹೇಳು. ಜಾಕ್ ಸರಿ ಇಲ್ಲ ಅಂತ ಅವನಿಗೆ ಗೊತ್ತಿತ್ತಾ?"

"ನಾನೇ ಹೇಳ್ದೆ! ಎಣ್ಣೆ ಸೋರುತ್ತೆ, ಮೆಲ್ಲಗೆ ಕೂರುತ್ತೆ, ನಂಬಬೇಡ ಅಂದೆ. ಅವನ ಜಾಕು ಸ್ಕೋಬಿ ಹತ್ರ ಇತ್ತು, ತರೋಕೆ ಸೋಮಾರಿತನ. 'ಕೂತ್ರೆ ಕೂರ್ಲಿ ಬಿಡೋ, ಚಕ್ರ ಇರುತ್ತಲ್ಲ' ಅಂದ."

ಚಕ್ರ ಇರುತ್ತಲ್ಲ. ರೋನಾ ಕಣ್ಣು ಮುಚ್ಚಿಕೊಂಡಳು. ಅವಳಿಗೆ ಏಳೋ ಎಂಟೋ ವರ್ಷ. ಅಪ್ಪ ಹೆಕ್ಟರನ ಜೊತೆ ಇದೇ ಶೆಡ್ಡಿಗೆ ಬಂದು, ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ಉರುಳಿದ ಗೋಲಿ ಹೆಕ್ಕಲು ಕೈ ಹಾಕಿದ್ದಳು. ಕ್ಲೆಮ್ ಅವಳ ಕೈಗೆ ಫಟ್ಟನೆ ಒಂದು ಕೊಟ್ಟಿದ್ದ. "ಮೊದಲು ಚಕ್ರ, ಆಮೇಲೆ ನೀನು!" ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸದೆ ಒಳಗೆ ಬೆರಳನ್ನೂ ತೂರಿಸಬಾರದು. ಜಾಕ್ ಕೈಕೊಟ್ಟರೆ ಗಾಡಿ ಚಕ್ರದ ಮೇಲೆ ಕೂರುತ್ತದೆ, ಮನುಷ್ಯನ ಮೇಲಲ್ಲ. ಈ ಊರಿನಲ್ಲಿ ಮನೆಯಂಗಳದಲ್ಲಿ ಗಾಡಿ ಕಟ್ಟುವ ಅರ್ಧ ಜನಕ್ಕೆ ಅದನ್ನು ಹೊಡೆದು ಕಲಿಸಿದವನು ಕ್ಲೆಮ್.

ಆದರೆ ಶನಿವಾರ ಆ ಚಕ್ರ ಗೋಡೆಗೆ ಒರಗಿ ನಿಂತಿತ್ತು. ವಯಸ್ಸಾಯಿತು, ಮರೆತ, ಎಂದಿದ್ದರು ಜಿಲ್ಲೆಯವರು.

"ಡೆನಿ, ಆ ಜಾಕ್ ಒಂದು ಸಲ ಪೂರ್ತಿ ಕೂತ್ರೆ ಮತ್ತೆ ಎತ್ತುತ್ತಾ?"

"ಇಲ್ಲ. ಎಣ್ಣೆಯೆಲ್ಲ ಹೋಗಿತ್ತಲ್ಲ. ನಾಯಿ ಮರಿ ಕೂಡ ಎತ್ತಲ್ಲ ಅದು."

ಬಾಗಿದ ರಿಮ್ಮು ಒಂದೇ ಮಾತು ಹೇಳುತ್ತಿತ್ತು. ಕ್ಲೆಮ್ ಮರೆತಿರಲಿಲ್ಲ. ಚಕ್ರ ಅದರ ಜಾಗದಲ್ಲೇ ಇತ್ತು. ಜಾಕ್ ಕೂತಾಗ ಯೂಟ್ ಬಂದು ಕುಳಿತಿದ್ದು ಆ ಚಕ್ರದ ಮೇಲೆ. ಅಂದರೆ ಕ್ಲೆಮ್ ಕೆಳಗೆ ಸಿಕ್ಕಿಕೊಂಡಿದ್ದ, ಹೊರಬರಲಾಗದೆ ಇದ್ದ, ಆದರೆ ಬದುಕಿದ್ದ.

ಆಮೇಲೆ ಯಾರೋ ಬಂದಿದ್ದಾರೆ. ಬೇರೆ ಜಾಕ್ ತಂದು ಯೂಟ್ ಎತ್ತಿದ್ದಾರೆ. ಎತ್ತಿ, ಚಕ್ರ ಎಳೆದು ತೆಗೆದಿದ್ದಾರೆ. ತೆಗೆದ ಮೇಲೆ ಗಾಡಿಯನ್ನು ಅವನ ಮೇಲೇ ಇಳಿಸಿದ್ದಾರೆ.

"ರೋನಾ? ಏನಾಯ್ತು? ಮುಖ ಯಾಕೆ ಹಾಗಾಯ್ತು?"

"ನೀನು ಕೊಂದಿಲ್ಲ ಡೆನಿ. ನಿನ್ನ ಜಾಕೂ ಕೊಂದಿಲ್ಲ," ಎಂದಳು. "ಇಲ್ಲೇ ಇರು. ಎಲ್ಲೂ ಹೋಗಬೇಡ."

ಡೆನಿ ಬೇಲಿಯ ತಂತಿ ಹಿಡಿದುಕೊಂಡ.

ಶೆಡ್ಡಿನೊಳಗೆ ಸ್ಕೋಬಿ ಇನ್ನೂ ಬಣ್ಣ ಬಳಿಯುತ್ತಲೇ ಇದ್ದ. ಅವನ ಬೂಟುಗಳಷ್ಟೇ ಹೊರಗೆ ಕಾಣುತ್ತಿದ್ದವು.

"ಸ್ಕೋಬಿ ಅಂಕಲ್, ಟೀಗೆ ಹೋಗ್ಲಿಲ್ವಾ?"

"ಇದೊಂದು ಮುಗಿಸ್ತೀನಿ ಮಗಳೇ. ಬಣ್ಣ ಒಣಗಬೇಕಲ್ಲ."

"ಚಾಸಿಯ ಅಡಿಗೆ ಬಣ್ಣ ಯಾಕೆ? ನಾಳೆ ಅದನ್ನ ಬಗ್ಗಿ ನೋಡೋರು ಯಾರು?"

"ಕ್ಲೆಮ್ ನೋಡ್ತಾನೆ."

ಉತ್ತರ ಚೆನ್ನಾಗಿತ್ತು. ಬೇರೆ ದಿನವಾಗಿದ್ದರೆ ರೋನಾಳ ಕಣ್ಣು ತುಂಬುತ್ತಿತ್ತು. ಇಂದು ಅವಳು ಗಾಡಿಯನ್ನು ಹೊತ್ತು ನಿಂತಿದ್ದ ಜಾಕ್ ಸ್ಟ್ಯಾಂಡುಗಳನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಆ ಕೆಟ್ಟ ಚಕ್ರವನ್ನೇ ಉರುಳಿಸಿಕೊಂಡು ಬಂದು ಚಾಸಿಯ ಕೆಳಗೆ ಮಲಗಿಸಿ, ಅವನ ಪಕ್ಕಕ್ಕೆ ಬೆನ್ನಮೇಲೆ ಜಾರಿದಳು. ಸ್ಕೋಬಿ ಅವಳು ಮಾಡಿದ್ದನ್ನು ಓರೆಗಣ್ಣಿನಲ್ಲಿ ನೋಡಿದ.

"ಮರೆತಿಲ್ಲ ನೀನು," ಎಂದ.

"ಕ್ಲೆಮ್ ಕೂಡ ಮರೆತಿರಲಿಲ್ಲ. ಅದು ನಿಮಗೆ ಶನಿವಾರಾನೇ ಗೊತ್ತಿತ್ತು."

ಬ್ರಷ್ ನಿಂತಿತು.

"ನಾನು ಬಂದಾಗ ಚಕ್ರ ಗೋಡೆ ಹತ್ರ ಇತ್ತು. ಪೊಲೀಸಿಗೆ ಅದನ್ನೇ ಹೇಳಿದ್ದೀನಿ. ಸುಳ್ಳಲ್ಲ."

"ಸುಳ್ಳು ಅಂದ್ನಾ ನಾನು? ಇತ್ತು ಅಂದ್ರಿ, ಸರಿ. ಯಾಕಿತ್ತು ಅಂತ ನಿಮಗೆ ಅನ್ನಿಸಲಿಲ್ವಾ? ಐವತ್ತು ವರ್ಷ ಅವನ ಜೊತೆ ಗಾಡಿ ಕೆಳಗೆ ಮಲಗಿದೋರು ನೀವು."

"ನನಗೂ ವಯಸ್ಸಾಯ್ತು."

"ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೆನೇ ಹೆಗಲು ಒರೆಸ್ಕೊಳ್ತಿದ್ದೀರಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ್ರಂತೆ. ಬಂದವರು ನೇರ ಇದರ ಕೆಳಗೇ ನುಗ್ಗಿದ್ರಂತೆ. ಬ್ರೈಡಿ ಹೇಳಿದ್ಲು." ಅವಳು ಕಿಸೆಯಿಂದ ಬಟ್ಟೆ ತೆಗೆದು ಪಕ್ಕದಲ್ಲಿದ್ದ ಥಿನ್ನರ್ ಡಬ್ಬಿಗೆ ಅದ್ದಿದಳು. "ಏನನ್ನ ಮುಚ್ತಿದ್ದೀರಿ ಅಂಕಲ್?"

ಸ್ಕೋಬಿ ಅವಳ ಮಣಿಕಟ್ಟು ಹಿಡಿದುಕೊಂಡ. ಮುದುಕನಾದರೂ ಹಿಡಿತ ಇಕ್ಕಳದಂತಿತ್ತು.

"ಒರೆಸ್ಬೇಡ ರೋನಾ."

"ಕೈ ಬಿಡಿ."

"ನಿಮ್ಮಪ್ಪನ ಗೆಳೆಯ ಆಗಿ ಕೇಳ್ಕೊಳ್ತಿದ್ದೀನಿ. ಕ್ಲೆಮ್ ಹೋದ. ಅಪಘಾತ ಅಂತ ಆಗಿದೆ, ಆಗ್ಲಿ. ನಾಳೆ ಮಣ್ಣು ಮಾಡಿ ಮನೆಗೆ ಹೋಗೋಣ."

"ಡೆನಿ ಮನೆ ಮಾರಿ ಊರು ಬಿಡ್ತಾನೆ. ಅದೂ ಆಗ್ಲಾ?"

ಸ್ಕೋಬಿ ಮುಖ ಆಚೆ ತಿರುಗಿಸಿದ. "ಅವನಿಗೆ ಅನ್ಯಾಯ ಆಗ್ತಿದೆ. ಗೊತ್ತು ನಂಗೆ. ನಿದ್ದೆ ಮಾಡಿಲ್ಲ ನಾನು. ಆದ್ರೆ ಅವನು ನನಗೆ ಏನೂ ಅಲ್ಲ. ನೀನು..."

"ನಾನೇನು?"

ಅವನ ಹಿಡಿತ ಸಡಿಲವಾಯಿತು. ಮುದುಕ ತನ್ನ ಚರ್ಮ ಉಳಿಸಿಕೊಳ್ಳಲು ಹೂಡಿದ ಆಟ ಇದು ಎಂದು ರೋನಾಳಿಗೆ ಅನಿಸಿತು. ಸಿಟ್ಟಿನಲ್ಲಿ ಬಟ್ಟೆಯನ್ನು ಹಸಿ ಬಣ್ಣದ ಮೇಲೆ ಒತ್ತಿ ಎಳೆದಳು.

ಕಪ್ಪು ಬಣ್ಣ ಕರಗಿ ಅವಳ ಮೊಣಕೈಗೆ ಇಳಿಯಿತು. ಅದರಡಿ, ಡಾಂಬರು ಉಜ್ಜಿಹೋದ ಕಡೆ, ಚಾಸಿಯ ಉದ್ದಕ್ಕೆ ಒಂದು ಕೆನೆಬಣ್ಣದ ಗೀರು ಎದ್ದು ಬಂತು. ಚಕ್ರದ ಬಣ್ಣ. ಯೂಟ್ ಚಕ್ರದ ಮೇಲೆ ಕೂತಿದ್ದ ಜಾಗ.

ಇನ್ನೂ ಸ್ವಲ್ಪ ಆಚೆ ಒರೆಸಿದಳು. ಕಬ್ಬಿಣದ ಮೇಲೆ ಪುಟ್ಟ ಪುಟ್ಟ ಕಚ್ಚುಗಳು ಒಂದರ ಪಕ್ಕ ಒಂದು ಹೊಳೆದವು. ಮಲಗಿದ ಮನುಷ್ಯನ ಬಲಗೈ ಎಟುಕುವ ಅಳತೆಗೆ ಸರಿಯಾಗಿ ಇದ್ದವು. ಸ್ಪ್ಯಾನರಿನಿಂದ ಬಡಿದ ಗುರುತು.

ಅವನು ಬಡಿದು ಕರೆದಿದ್ದ. ಅಕ್ಕಪಕ್ಕದವರು ಕೇಳಿಯೂ ಇರಬೇಕು. ಆದರೆ ಈ ಶೆಡ್ಡಿನಿಂದ ಬಡಿತ ಕೇಳದ ದಿನವಿದ್ದರೆ ತಾನೆ ಯಾರಾದರೂ ಗಮನಿಸುವುದು? ಕ್ಲೆಮ್ ಕೆಲಸ ಮಾಡುತ್ತಿದ್ದಾನೆ ಎಂದುಕೊಂಡು ಗಿಡಕ್ಕೆ ನೀರು ಹಾಕುತ್ತಾ ಇದ್ದಿರಬೇಕು ಎಲ್ಲರೂ.

"ಎಷ್ಟು ಹೊತ್ತು ಬಡಿದಿದ್ನೋ," ಎಂದಳು. ದನಿ ಅವಳಿಗೇ ಗುರುತು ಸಿಗಲಿಲ್ಲ. "ಯಾರೋ ಒಬ್ಬರು ಬಂದ್ರು. ಬಂದವರನ್ನ ನೋಡಿ ಅವನಿಗೆ ಜೀವ ಬಂದಿರಬೇಕು ಅಂಕಲ್. ಥ್ಯಾಂಕ್ಸ್ ಕೂಡ ಹೇಳಿರ್ತಾನೆ."

ಸ್ಕೋಬಿಯ ಕಣ್ಣಂಚಿನಿಂದ ನೀರು ಕಿವಿಯತ್ತ ಹರಿಯಿತು. ಬಣ್ಣ ಮೆತ್ತಿದ ಕೈಯಲ್ಲಿ ಒರೆಸಿಕೊಳ್ಳಲೂ ಅವನಿಂದಾಗಲಿಲ್ಲ.

"ಬಂದವರು ಗಾಡಿ ಎತ್ತಿದ ಜಾಕ್ ಯಾರದು?"

"ಕ್ಲೆಮ್‌ದು ನನ್ನ ಮನೇಲಿತ್ತು. ಶನಿವಾರ ಅದನ್ನ ವಾಪಸ್ ಕೊಡೋಕೇ ಬಂದಿದ್ದು. ನನ್ನದು ಗಾಡಿಯಲ್ಲೇ ಇತ್ತು. ಬೇಕಾದ್ರೆ ನನ್ನ ಬಿಲ್ಲೆ ತಂದು ಇಟ್ಟು ನೋಡು, ಹೊಂದಲ್ಲ. ನಾನಲ್ಲ ರೋನಾ. ದೇವರಾಣೆ ನಾನಲ್ಲ."

ಬಿಲ್ಲೆ. ಅವಳಿಗೆ ಹೊಳೆಯಿತು. ಜಾಕಿಗೂ ಚಾಸಿಗೂ ನಡುವೆ ಇಡುವ ಮರದ ಬಿಲ್ಲೆ. ಎಂದೋ ನದಿದಂಡೆಯಲ್ಲಿ ಬಿದ್ದ ಒಂದು ರೆಡ್ ಗಮ್ ಮರದಿಂದ ಗೆಳೆಯರೆಲ್ಲ ತಮಗೊಂದೊಂದು ಕೊಯ್ದುಕೊಂಡಿದ್ದರು. ಊರಿನಲ್ಲಿ ಸಾಮಾನು ಎರವಲು ಹೋದರೆ ಯಾರದ್ದು ಯಾರ ಮನೆ ಸೇರುತ್ತದೋ ಹೇಳಲಾಗದು. ಅದಕ್ಕೇ ಪ್ರತಿಯೊಬ್ಬನೂ ಕಾದ ಕಂಬಿಯಿಂದ ತನ್ನ ಗುರುತು ಸುಟ್ಟಿದ್ದ. ಸ್ಕೋಬಿಯದು ಎರಡು ಗೆರೆ. ಕ್ಲೆಮ್‌ನದು ಒಂದು ಉಂಗುರ.

ಅವಳು ಚಾಸಿಯ ಕೊನೆಯ ತುದಿಗೆ ಬಟ್ಟೆ ಒಯ್ದಳು. ಅಲ್ಲೂ ಕ್ಲೆಮ್ ಸಾಯುವ ಹಿಂದಿನ ದಿನ ತುಕ್ಕು ಹಿಡಿಯದಿರಲೆಂದು ದಪ್ಪಗೆ ಡಾಂಬರು ಬಳಿದಿದ್ದ. ಇಲ್ಲಿಯ ಜನವರಿ ಬೇಸಿಗೆಯ ಬಿಸಿಲಿಗೆ ಅದು ದಿನಗಟ್ಟಲೆ ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ. ಸ್ಕೋಬಿ ಅದರ ಮೇಲೆ ಬಣ್ಣ ಬಳಿದಿದ್ದ, ಆದರೆ ಬಿದ್ದ ಅಚ್ಚು ಬಣ್ಣದಿಂದ ಮುಚ್ಚುವಂಥದ್ದಾಗಿರಲಿಲ್ಲ.

"ರೋನಾ, ಬೇಡ," ಎಂದ ಸ್ಕೋಬಿ ಇನ್ನೊಮ್ಮೆ, ಬಹಳ ಮೆಲ್ಲಗೆ. "ನಿನಗೋಸ್ಕರ ಬಳಿದೆ ಕಣೇ."

ದುಂಡನೆಯ ಅಚ್ಚು. ಅದರೊಳಗೆ ಒಂದೇ ಬಿಂದುವಿನಿಂದ ಹರಡಿದ ಮೂರು ಗೆರೆ.

ಕೋಳಿ ಕಾಲು.

ಅವಳು ಮಗುವಾಗಿದ್ದಾಗ ಆ ಗುರುತು ನೋಡಿ ನಕ್ಕಿದ್ದಳು. "ಎಲ್ಲರೂ ನೆಟ್ಟಗೆ ಗೆರೆ ಎಳೆದಿದ್ದಾರೆ, ನಿಂದು ಮಾತ್ರ ಕೋಳಿ ಕಾಲು" ಎಂದಿದ್ದಳು. ಅಪ್ಪ ಹೆಕ್ಟರ್ ಆ ಹೆಸರನ್ನೇ ಉಳಿಸಿಕೊಂಡಿದ್ದ. ಅವನು ಸತ್ತ ಮೇಲೆ ಆ ಬಿಲ್ಲೆಯನ್ನು ಜಾಕಿಗೆ ಚರ್ಮದ ಪಟ್ಟಿಯಿಂದ ಕಟ್ಟಿ, ಮರದ ಪೆಟ್ಟಿಗೆಯಲ್ಲಿಟ್ಟು, ತನ್ನ ಮನೆಯ ಗ್ಯಾರೇಜಿನ ಮೂಲೆಗೆ ಒತ್ತಿದ್ದವಳು ಅವಳೇ. ಎರಡು ವರ್ಷದಿಂದ ಅದನ್ನು ತೆರೆಯುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಆ ಗ್ಯಾರೇಜಿಗೆ ಇರುವುದು ಎರಡೇ ಬೀಗದ ಕೈ, ಒಂದು ಅವಳದು, ಇನ್ನೊಂದು ಗಾರ್ತ್‌ನದು.

ಬಲ್ಬು ಬದಲಾಯಿಸಲು ಬಾರದ ಮನುಷ್ಯನಿಗೂ ಜಾಕಿನ ಹಿಡಿ ಒತ್ತಲು ಬರುತ್ತದೆ.

ರೋನಾ ಯೂಟಿನ ಕೆಳಗಿನಿಂದ ಹೊರಕ್ಕೆ ತೆವಳಿದಳು. ಹಿಂಬಾಗಿಲಿನಲ್ಲಿ ಡೆನಿ ಬಂದು ನಿಂತಿದ್ದ. ಬೇಲಿ ದಾಟಿ ಬರುವ ಧೈರ್ಯ ಅವನಿಗೆ ಎಲ್ಲಿಂದ ಬಂತೋ.

"ಸಿಕ್ತಾ ರೋನಾ?" ಎಂದ. ವಾರದಿಂದ ಬತ್ತಿದ್ದ ಅವನ ಮುಖದಲ್ಲಿ ಆಸೆ ಚಿಗುರಿತ್ತು. "ನಾನಲ್ಲ ಅಂತ ಹೇಳೋಕೆ ಏನಾದ್ರೂ ಸಿಕ್ತಾ?"

ಆ ಮುಖವನ್ನು ನೋಡುತ್ತಾ 'ಇಲ್ಲ' ಎಂದುಬಿಟ್ಟರೆ ನಾಳೆ ಎಲ್ಲ ಮಣ್ಣಾಗುತ್ತದೆ. ಒಂದು ಕ್ಷಣ, ಒಂದೇ ಒಂದು ಕ್ಷಣ, ಹಾಗೆ ಹೇಳಿಬಿಡಬೇಕೆಂದು ಅವಳಿಗೆ ನಿಜವಾಗಿಯೂ ಅನಿಸಿತು.

ಕಿಸೆಯಲ್ಲಿ ಫೋನ್ ಮತ್ತೆ ರಿಂಗಾಯಿತು.

"ಗುಂಡಿ ಹತ್ರ ಬಂದೆ," ಎಂದ ಗಾರ್ತ್. ಹಿನ್ನೆಲೆಯಲ್ಲಿ ಬುಲ್‌ಡೋಜರ್ ಗುರುಗುಟ್ಟುತ್ತಿತ್ತು. "ನಿಮ್ಮಪ್ಪನ ಮರದ ಪೆಟ್ಟಿಗೆ ಒಂದು ಉಳಿದಿದೆ. ಇದನ್ನೂ ಹಾಕ್ಬಿಡ್ಲಾ, ಇಲ್ಲಾ ನೆನಪಿಗೆ ಇಟ್ಕೊಳ್ತೀಯಾ?"

ಸ್ಕೋಬಿ ಯೂಟಿನ ಕೆಳಗಿನಿಂದ ಅವಳನ್ನೇ ನೋಡುತ್ತಿದ್ದ. ಡೆನಿ ಬಾಗಿಲಿನಿಂದ ನೋಡುತ್ತಿದ್ದ.

"ಹಾಕ್ಬೇಡ," ಎಂದಳು ರೋನಾ. "ಪೆಟ್ಟಿಗೆ ತೆಗಿ. ಅಪ್ಪನ ಜಾಕ್ ಇದೆಯಾ ನೋಡಿ ಹೇಳು."

ಬುಲ್‌ಡೋಜರಿನ ಸದ್ದು ಬಿಟ್ಟರೆ ಆ ಕಡೆಯಿಂದ ಏನೂ ಕೇಳಲಿಲ್ಲ. ಪೆಟ್ಟಿಗೆ ತೆರೆದ ಸದ್ದೂ ಇಲ್ಲ.

"ಗಾರ್ತ್?"

"ರೋನಾ," ಎಂದ ಅವನು ಕೊನೆಗೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ದನಿಯನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. "ಸ್ಕೋಬಿ ಬಾಯಿ ಬಿಟ್ನಾ?"